ಶಿಕಾರಿಪುರದಲ್ಲಿ ಹೆಚ್ಚಾದ ಗುರುತ್ವ

ದಿನಚರಿ ಬರೆಯುವವರು ಪ್ರಾಮಾಣಿಕರು ಎಂಬ ನಂಬಿಕೆ ಲೋಕದಲ್ಲಿದೆ. ಅದನ್ನು ಹಬ್ಬಿಸಿದವರು ದಿನಚರಿ ಬರೆಯುವವರೇ ಇರಬೇಕು. ನಾನು ಎಂಟನೇ ತರಗತಿಯಿಂದ ಬರೆಯುತ್ತಿದ್ದೇನೆ. ಮನಸ್ಸಿನ ತಳಮಳ ಮುಂತಾದವಕ್ಕೆ ಅದರಲ್ಲಿ ಜಾಗವಿಲ್ಲ. ತಾರೀಖು ಮತ್ತು ಎಣಿಕೆ, ಅಷ್ಟೇ. ಉಡುತಡಿಗೆ ಬರುವ ಬಸ್ಸು ತಿಂಗಳಲ್ಲಿ ಎಷ್ಟು ದಿನ ತಡವಾಯಿತು, ಎಷ್ಟು ದಿನ ಶಿಕಾರಿಪುರದವರೆಗೂ ನಿಂತೇ ಹೋದೆ, ಎಲ್ಲವೂ ಗೆರೆ ಎಳೆದ ಪುಟಗಳಲ್ಲಿದೆ. ಬಿ.ಎಸ್ಸಿ. ಸೇರಿದ ಮೇಲೆ ಒಂದು ಹೊಸ ಪುಟ ತೆರೆದೆ. ತಲೆಬರಹ, ‘ಫಿಸಿಕ್ಸಿನಲ್ಲಿ ಅರ್ಥವಾಗದ್ದು’. ಮೊದಲ ತಿಂಗಳಲ್ಲೇ ಅದರಲ್ಲಿ ಇಪ್ಪತ್ತಮೂರು ಗೀಟುಗಳಾದವು.

ನಮ್ಮ ಫಿಸಿಕ್ಸ್ ಸರ್ ಪಾಠವನ್ನು ಕ್ಯಾಲ್ಕುಲಸ್ಸಿನಿಂದಲೇ ಶುರುಮಾಡಿದ್ದರು. ಡೆಲ್ಟಾ ಎಕ್ಸ್ ಬಹಳ ಚಿಕ್ಕದು ಎಂದು ಬರೆದು, ಅದರಿಂದ ಭಾಗಿಸಿ, ಮುಂದಿನ ಸಾಲಿನಲ್ಲಿ ಅದನ್ನು ಸೊನ್ನೆ ಮಾಡಿ ಅಳಿಸಿದರು. ಭಾಗಿಸುವಾಗ ಇದ್ದದ್ದು ಆಮೇಲೆ ಎಲ್ಲಿಗೆ ಹೋಯಿತೆಂದು ತರಗತಿಯಲ್ಲಿ ಯಾರೂ ಕೇಳಲಿಲ್ಲ. ಲೋಲಕದ ಪಾಠದಲ್ಲೂ ಅದೇ ಮಾತು, ಕೋನ ಚಿಕ್ಕದು, ಆದ್ದರಿಂದ ಸೈನ್ ತೀಟಾ ಅಂದರೂ ಒಂದೇ, ತೀಟಾ ಅಂದರೂ ಒಂದೇ. ನಮ್ಮ ಮನೆಯಲ್ಲಿ ಮರಿಗಳೂ ಸೇರಿ ನಲವತ್ತಾರು ಕುರಿಗಳಿವೆ. ಮೂರು ದಿನದ ಮರಿಯೊಂದು ಕಾಣದಿದ್ದರೂ ಅಪ್ಪ ಊಟಕ್ಕೆ ಕೂರುವುದಿಲ್ಲ. ಚಿಕ್ಕದನ್ನು ಬಿಟ್ಟುಬಿಡಿ ಎನ್ನುವ ಶಾಸ್ತ್ರ ಅಂಥ ಮನೆಯವಳಿಗೆ ಬೇಗ ಒಗ್ಗುವುದಿಲ್ಲ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿ ಎಣಿಸುವುದು ನನ್ನ ಕೆಲಸ. ದಿನಚರಿ ಬರೆಯುವವಳು ಎಂಬ ಗೌರವಕ್ಕೆ ನನ್ನ ಎಣಿಕೆಯನ್ನು ಮನೆಯಲ್ಲಿ ಯಾರೂ ಮತ್ತೆ ಎಣಿಸುತ್ತಿರಲಿಲ್ಲ.

ಲ್ಯಾಬಿನಲ್ಲಿ ನನಗೆ ಜೊತೆಯಾದವಳು ಚೈತ್ರಾ, ಸೊರಬದ ಕಡೆಯ ಕ್ಯಾಸನೂರಿನವಳು, ಶಿಕಾರಿಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಸೆಮಿಸ್ಟರಿಗೆ ಎಂಟು ಪ್ರಯೋಗ. ಎಂಟಕ್ಕೂ ಸರ್ ಸಹಿ ಬಿದ್ದ ರೆಕಾರ್ಡ್ ಪುಸ್ತಕ ಇಲ್ಲದವರನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಸೆಪ್ಟೆಂಬರ್ ಹನ್ನೊಂದರಂದು ಲೋಲಕದ ಸರದಿ. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು, ಇಪ್ಪತ್ತು ಸಲ ಆಡಲು ಎಷ್ಟು ಸೆಕೆಂಡು ಬೇಕೆಂದು ನೋಡಿ, ಅದರಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಆರು ಉದ್ದದ ದಾರ, ಪ್ರತಿಯೊಂದಕ್ಕೂ ಮೂರು ಸಲ. ಉತ್ತರ ಒಂಬತ್ತು ಪಾಯಿಂಟ್ ಎಂಟು ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದರಿಂದಲೇ ನಮ್ಮ ಬ್ಯಾಚಿನ ಬಹುಪಾಲು ಜನ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಸೆಕೆಂಡುಗಳನ್ನು ಬರೆದುಕೊಂಡರು. ನಾನು ಎಣಿಸಿದೆ. ನನಗೆ ಬಂದದ್ದು ಹತ್ತು ಪಾಯಿಂಟ್ ಎಂಟು.

ಒಂದು ಸಲ ಬಂದಿದ್ದರೆ ಕೈತಪ್ಪು ಎನ್ನಬಹುದಿತ್ತು. ಆರು ಉದ್ದಕ್ಕೂ ಅದೇ ಬಂತು. ಗ್ರಾಫ್ ಎಳೆದರೆ ಆರು ಚುಕ್ಕೆಗಳು ಒಂದೇ ಗೆರೆಯ ಮೇಲೆ ಶಿಸ್ತಾಗಿ ಕೂತವು. ಅಷ್ಟು ಚೆಂದದ ಗ್ರಾಫ್ ಇಡೀ ಬ್ಯಾಚಿನಲ್ಲಿ ಇರಲಿಲ್ಲ. ಸರ್ ಅದನ್ನು ಬಹಳ ಹೊತ್ತು ನೋಡಿ, “ಗೆರೆ ಚೆನ್ನಾಗಿದೆ. ಭೂಮಿ ಮಾತ್ರ ನಮ್ಮದಲ್ಲ. ಮತ್ತೊಮ್ಮೆ ಮಾಡಿ” ಎಂದರು. ಮತ್ತೊಮ್ಮೆ ಮಾಡಿದೆ. ಹತ್ತು ಪಾಯಿಂಟ್ ಎಂಟು. ದಾರ ಬದಲಿಸಿದೆ, ಗುಂಡು ಬದಲಿಸಿದೆ, ಸ್ಟಾಪ್‌ವಾಚ್ ಬದಲಿಸಿದೆ. ಬದಲಿಸದೆ ಉಳಿದದ್ದು ನಾನೊಬ್ಬಳೇ, ಅದು ಆಗ ಹೊಳೆಯಲಿಲ್ಲ. ನಾಲ್ಕು ಲ್ಯಾಬ್ ದಿನಗಳಲ್ಲಿ ಎಪ್ಪತ್ತೆರಡು ಸಲ ಗುಂಡು ಬಿಟ್ಟೆ. ದಿನಚರಿಯಲ್ಲಿ ಸಾವಿರದ ನಾನೂರ ನಲವತ್ತು ಆಂದೋಲನ ಎಂದು ಬರೆದೆ. ಅರ್ಥವಾಗದ್ದರ ಪುಟದಲ್ಲಿ ಗೀಟುಗಳು ನಲವತ್ತು ದಾಟಿದವು.

ಚೈತ್ರಾ ತನ್ನ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಆಗಲೇ ವಾರ ಕಳೆದಿತ್ತು. “ಎಂತಕ್ಕೆ ಮಾರಾಯ್ತಿ ಇಷ್ಟು ಒದ್ದಾಡ್ತೀಯ? ನಂದು ನೋಡ್ಕಂಡು ಬರಿ. ಸರ್‌ಗೂ ಗೊತ್ತು, ನಂಗೂ ಗೊತ್ತು” ಎಂದಳು.

“ನೋಡಿದ್ದನ್ನ ಬಿಟ್ಟು ಬೇರೆ ಬರಿಯಾಕೆ ನನ್ನ ಕೈಲಿ ಆಗಲ್ಲ” ಎಂದೆ. ಈ ಮಾತನ್ನು ಆಡುವಾಗ ನನ್ನ ಬೆನ್ನು ನೆಟ್ಟಗಾಗಿತ್ತೆಂದು ಅವಳು ಈಗಲೂ ಹೇಳುತ್ತಾಳೆ.

“ಹಂಗಾರೆ ಬಿಡು. ನಮ್ಮೂರ ಹೆಸ್ರಲ್ಲಿ ಒಂದು ಕಾಯಿಲೆನೇ ಇದೆ, ಮಂಗನ ಕಾಯಿಲೆ, ಪುಸ್ತಕದಲ್ಲೆಲ್ಲ ಬರುತ್ತೆ. ನಿಮ್ಮೂರ ಹೆಸ್ರಲ್ಲಿ ಒಂದು ಗುರುತ್ವ ಇರ್ಲಿ. ಆದ್ರೆ ಪರೀಕ್ಷೆ ದಿನ ಹೊರಗೆ ನಿಂತಿರ್ತೀಯಲ್ಲ, ಆಗ ಜಾಸ್ತಿ ಭಾರ ಅನ್ನಿಸ್ಬಹುದು.”

ನಗು ಬರಲಿಲ್ಲ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಕೂರಲಾಗದಿದ್ದರೆ ಒಂದು ವರ್ಷ ಹೋದಂತೆ. ಆ ಸಂಜೆ ಮೊದಲ ಬಾರಿಗೆ ಪೆನ್ಸಿಲ್ಲಿನಲ್ಲಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ನೋಡಿದೆ. ಒಂದು ಮೀಟರ್ ದಾರಕ್ಕೆ ನಲವತ್ತು ಸೆಕೆಂಡು ಬರಬೇಕು. ನನಗೆ ಪ್ರತಿ ಸಲವೂ ಮೂವತ್ತೆಂಟು. ಎರಡು ಸೆಕೆಂಡು ಹೆಚ್ಚಿಗೆ ಬರೆದರೆ ಮುಗಿಯಿತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹಾಳೆ ತೂತಾದದ್ದರಿಂದ ನನ್ನ ಪ್ರಾಮಾಣಿಕತೆ ಉಳಿಯಿತು.

ಮರುದಿನ ಸರ್ ಬಳಿ ಹೋಗಿ ತೂತಾದ ಹಾಳೆಯನ್ನೇ ತೋರಿಸಿದೆ. ಅವರು ಎದ್ದು ಬಂದು ಲೋಲಕದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. “ಮಾಡಿ. ಬಾಯಿಬಿಟ್ಟು ಎಣಿಸಿ” ಎಂದರು. ನಾನು ಗುಂಡನ್ನು ಬಿಟ್ಟೆ, ಸ್ಟಾಪ್‌ವಾಚ್ ಒತ್ತಿದೆ, ಎಣಿಸಿದೆ: “ಲಾಭ, ಎರಡು, ಮೂರು...”

ಹಿಂದೆ ಚೈತ್ರಾ ಕಿಸಕ್ಕೆಂದಳು. ನಮ್ಮ ಮನೆಯಲ್ಲಿ ಕಾಳು ಅಳೆಯಲಿ, ಕುರಿ ಎಣಿಸಲಿ, ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಲ್ಲಿಂದ ಎರಡು, ಮೂರು. ತುಟಿಯೊಳಗೆ ನಾನು ಹಾಗೆಯೇ ಎಣಿಸುತ್ತಿದ್ದೆನೆಂದು ನನಗೂ ಗೊತ್ತಿರಲಿಲ್ಲ. ಸರ್ ನಗಲಿಲ್ಲ. ಅವರ ಮನೆಯಲ್ಲೂ ಕಾಳು ಅಳೆದಿರಬೇಕು.

“ನಿಮ್ಮಪ್ಪ ಲಾಭ ಅನ್ನೋದು ಕೊಳಗ ಸುರಿಯೋಕೆ ಮುಂಚೆನೋ, ಸುರಿದ ಮೇಲೋ?”

“ಸುರಿದ ಮೇಲೆ, ಸರ್.”

“ನೀವು?”

ನಾನು ಗುಂಡು ಕೈಬಿಡುವ ಕ್ಷಣದಲ್ಲೇ ಅನ್ನುತ್ತಿದ್ದೆ. ಅದು ಇನ್ನೂ ಒಮ್ಮೆಯೂ ಹೋಗಿ ಬಂದಿರಲಿಲ್ಲ. ನಾನು ಇಪ್ಪತ್ತು ಎಂದು ವಾಚ್ ನಿಲ್ಲಿಸುವಾಗ ಆಗಿರುತ್ತಿದ್ದದ್ದು ಹತ್ತೊಂಬತ್ತೇ. ಹಾಗೆ ಎಪ್ಪತ್ತೆರಡು ಸಲ. ನನ್ನ ದಿನಚರಿಯಲ್ಲಿ, ನನ್ನದೇ ಕೈಬರಹದಲ್ಲಿ, ಆಗದ ಎಪ್ಪತ್ತೆರಡು ಆಂದೋಲನಗಳು ತಾರೀಖು ಸಮೇತ ನಮೂದಾಗಿದ್ದವು. ಹಿಂದಕ್ಕೆ ಲೆಕ್ಕ ಮಾಡಿದವರಲ್ಲಿ ಯಾರೂ ಇಷ್ಟೊಂದು ಸುಳ್ಳು ಬರೆದಿರಲಿಲ್ಲ. ಅವರಿಗೆ ಅಷ್ಟು ತಾಳ್ಮೆ ಇರಲಿಲ್ಲ.

“ಬಿಡುವಾಗ ಸೊನ್ನೆ ಅನ್ನಿ” ಎಂದರು ಸರ್. ಸೊನ್ನೆ ಅಂದೆ. ಒಂಬತ್ತು ಪಾಯಿಂಟ್ ಏಳು ಆರು ಬಂತು. ಸಹಿ ಹಾಕುತ್ತಾ, “ತೂತಾದ ಹಾಳೆನೂ ರೆಕಾರ್ಡಿನಲ್ಲಿ ಇರಲಿ” ಎಂದರು. ಪರೀಕ್ಷೆಗೆ ಕೂತೆ, ಪಾಸಾದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಹಿ ಬಿದ್ದ ದಿನವೇ ಸಂಜೆ, ಹೊಸ ಜ್ಞಾನದ ಹುಮ್ಮಸ್ಸಿನಲ್ಲಿ ದೊಡ್ಡಿಯ ಬಾಗಿಲಲ್ಲಿ ನಿಂತೆ. ಮೊದಲ ಕುರಿ ಒಳಗೆ ಹೋಯಿತು. ಸೊನ್ನೆ ಅಂದೆ. ಕೊನೆಯದು ಹೋಗುವಾಗ ನಲವತ್ತೈದು.

“ಒಂದು ಕಡಿಮೆ ಐತಪ್ಪಾ” ಎಂದೆ. ಅಪ್ಪ ತಕ್ಷಣ ಹೊರಟರು, ನನ್ನ ಎಣಿಕೆಯನ್ನು ಯಾರೂ ಮತ್ತೆ ಎಣಿಸುವುದಿಲ್ಲವಲ್ಲ. ಚಿಕ್ಕಪ್ಪನನ್ನು ಕರೆದುಕೊಂಡು ಜೋಳದ ಹೊಲ, ಕೆರೆ ಏರಿ ಎಲ್ಲ ಸುತ್ತಿದರು. ಅವರ ಹಿಂದೆ ನಾನೂ ಕರೆಯುತ್ತಾ ನಡೆದೆ. ಏರಿಯ ಅರ್ಧದಲ್ಲಿ ನನಗೆ ಹೊಳೆಯಿತು. ಅಪ್ಪನನ್ನು ಕೂಗಿ ನಿಲ್ಲಿಸಿದೆ.

ಎಲ್ಲ ವಿವರಿಸಿದೆ. ಗುಂಡು, ದಾರ, ಲಾಭ, ಸೊನ್ನೆ. ಅಪ್ಪ ಗಂಭೀರವಾಗಿ ಕೇಳಿದರು. “ಕಣ್ಣೆದುರಿಗೆ ಒಳಗೆ ಹೋದ ಕುರೀನ ಸೊನ್ನೆ ಅಂದ್ಯಾ?”

“ಹೂಂ.”

“ಅದೇನು ತಪ್ಪು ಮಾಡಿತ್ತವ್ವಾ?”

ಈಗಲೂ ಸಂಜೆ ಎಣಿಸುವವಳು ನಾನೇ. ಆದರೆ ನಾನು ನಲವತ್ತಾರು ಎಂದ ಮೇಲೆ ಅಪ್ಪ ಗದರದೆ, ನಗದೆ, ಏನೋ ನೆನಪಾದವರಂತೆ ದೊಡ್ಡಿಯೊಳಗೆ ಹೋಗಿ ಒಂದು ಸುತ್ತು ಬರುತ್ತಾರೆ. ತುಟಿ ಆಡುತ್ತಿರುತ್ತದೆ. ನಾನು ಬೇರೆ ಕಡೆ ನೋಡುತ್ತೇನೆ. ದಿನಚರಿಯಲ್ಲಿ ಅದಕ್ಕೂ ಒಂದು ಪುಟವಿದೆ; ಇವತ್ತಿಗೆ ಮೂವತ್ತೊಂದು ಸಲ. ಮೊದಲ ದಿನವನ್ನು ಸೇರಿಸಿದ್ದೇನೋ ಇಲ್ಲವೋ, ಅದು ಮಾತ್ರ ಖಚಿತವಿಲ್ಲ.