ಲಾಫರ್ಟಿಯವರಿಗೆ ಮುನ್ನೂರು ವಂದನೆ

ಆಲ್ಬಮ್ಮಿನ ಹಿಂಬದಿಯಲ್ಲಿ ಮೀನಿನಂಗಡಿಯ ಬೆಕ್ಕಿಗೆ ವಂದನೆ ಹೇಳಿತ್ತು, ಮಿಸೆಸ್ ಲಾಫರ್ಟಿಯವರಿಗೆ ಹೇಳಿರಲಿಲ್ಲ. ಆ ಶನಿವಾರದ ಗೋಳೆಲ್ಲ ಹುಟ್ಟಿದ್ದು ಇಷ್ಟರಿಂದ.

ಕಂಡುಹಿಡಿದವರು ಮೊದಲ ಮಹಡಿಯ ಮಿಸೆಸ್ ಟೊರೆನ್ಸ್. ಬೆಳಿಗ್ಗೆ ಎಂಟಕ್ಕೆ ಮುನ್ನೂರು ರೆಕಾರ್ಡುಗಳ ಆರು ಪೆಟ್ಟಿಗೆ ತಂದ ವ್ಯಾನಿನವನು ತುದಿ ಮಹಡಿಯ ಗಂಟೆ ಒತ್ತಿ ಒತ್ತಿ ಸಾಕಾಗಿ, ಎಲ್ಲವನ್ನೂ ಅವರ ಮನೆಯಲ್ಲಿ ಇಳಿಸಿ ಹೋಗಿದ್ದ. ಬೇರೆಯವರ ಪೆಟ್ಟಿಗೆಯನ್ನು ಒಳಗಿಟ್ಟುಕೊಳ್ಳುವುದು ಗ್ರೀನಕ್ ಊರಿನಲ್ಲಿ ನೆರೆಹೊರೆಯ ಧರ್ಮ. ಒಳಗೇನಾದರೂ ತೇವ ಇಳಿದಿದೆಯೇ ಎಂದು ಬಿಚ್ಚಿ ನೋಡುವುದು ಮಿಸೆಸ್ ಟೊರೆನ್ಸ್ ಅವರ ಸ್ವಂತ ಧರ್ಮ.

ಸ್ಟ್ರೂವನ್ ಗಿಲ್‌ಕ್ರಿಸ್ಟ್ ಕಣ್ಣುಜ್ಜಿಕೊಂಡು ಮೆಟ್ಟಿಲಿಳಿದು ಬರುವಾಗ ಅವರು ಬಾಗಿಲಲ್ಲಿ ರೆಕಾರ್ಡು ಹಿಡಿದು ನಿಂತಿದ್ದರು. ಅವನಿಗೆ ಇಪ್ಪತ್ತೆರಡು ವರ್ಷ. ‘ದಿ ವೆಟ್ ಬೆಂಚಸ್’ ಎಂಬ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಅವರ ಮೊಟ್ಟಮೊದಲ ಆಲ್ಬಮ್ ‘ನಾಳೆ ಬಿಸಿಲು’ ಅಂದು ಸಂಜೆ ಆರಕ್ಕೆ ಚರ್ಚಿನ ಪಕ್ಕದ ಹಾಲ್‌ನಲ್ಲಿ ಬಿಡುಗಡೆಯಾಗಬೇಕಿತ್ತು. ಹೊರಗೆ ಎಂದಿನಂತೆ ಮಳೆ.

“ನನ್ನ ಹೆಸರಿದೆ, ಕೆಟಲ್ ಕೊಟ್ಟಿದ್ದಕ್ಕೆ. ಸಂತೋಷ,” ಎಂದರು ಮಿಸೆಸ್ ಟೊರೆನ್ಸ್. “ಮೇಲಿನ ಮಿಸ್ಟರ್ ಕೈರ್ನಿ ಹೆಸರಿದೆ, ಏಣಿ ಕೊಟ್ಟಿದ್ದಕ್ಕೆ. ಬಸ್ಸಿನ ಡ್ರೈವರ್ ಇದಾನೆ. ಬೆಕ್ಕಿದೆ. ಲಾಫರ್ಟಿ ಎಲ್ಲಪ್ಪ?”

ಸ್ಟ್ರೂವನ್ ಕವರು ತಿರುಗಿಸಿ ನೋಡಿದ. ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ಇರಲಿಲ್ಲ.

“ಬರೆದಿದ್ದೆ ಅಂತ ನೆನಪು,” ಎಂದ.

“ನಿನ್ನ ನೆನಪಿನ ಮೇಲೆ ಆಣೆ ಇಡ್ತೀಯಾ?”

ಅವನು ಇಡಲಿಲ್ಲ. ಸ್ಟ್ರೂವನ್‌ನ ಮರೆವು ಕಟ್ಟಡಕ್ಕೆಲ್ಲ ಗೊತ್ತಿದ್ದದ್ದೇ. ಒಮ್ಮೆ ಬ್ರೆಡ್ ತರಲು ಹೋದವನು ಬ್ರೆಡ್ ತಂದು, ಜೊತೆಗೆ ಕರೆದುಕೊಂಡು ಹೋದ ಅಣ್ಣನ ಮಗುವನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದ.

ಆದರೆ ಮಿಸೆಸ್ ಲಾಫರ್ಟಿಯವರನ್ನು ಮರೆಯುವುದೆಂದರೆ ಸಾಮಾನ್ಯವೇ? ತುದಿ ಮಹಡಿಯ ಹಲಗೆ ನೆಲ ಡ್ರಮ್ಮಿನ ಏಟು ತಾಳದೆಂದು, ನೆಲಮಹಡಿಯ ತಮ್ಮ ಹಿಂದಿನ ಕೋಣೆಯನ್ನೇ ಅವರು ಎರಡು ವರ್ಷದಿಂದ ಬಿಟ್ಟುಕೊಟ್ಟಿದ್ದರು. ವಾರಕ್ಕೆ ಮೂರು ಸಂಜೆ ಬ್ಯಾಂಡು ಅಲ್ಲೇ ಅಭ್ಯಾಸ ಮಾಡುತ್ತಿತ್ತು. ಅವರು ಕಿವಿಗೆ ಹತ್ತಿ ತುರುಕಿಕೊಂಡು ಅಡುಗೆಮನೆಯಲ್ಲಿ ಕೂತು, ಸದ್ದು ನಿಂತದ್ದು ನೆಲದ ನಡುಕ ನಿಂತದ್ದರಿಂದ ತಿಳಿದು, ಬೇಳೆಯ ಸೂಪು ಬಿಸಿ ಮಾಡುತ್ತಿದ್ದರು. ಆ ಕೋಣೆ ಇಲ್ಲದಿದ್ದರೆ ಡ್ರಮ್ ಇಲ್ಲ, ಬ್ಯಾಂಡೂ ಇಲ್ಲ. ಆ ಎಪ್ಪತ್ತಾರರ ಹೆಂಗಸು ಮುನಿದರೆ ‘ನಾಳೆ ಬಿಸಿಲು’ ಅವರ ಮೊದಲ ಆಲ್ಬಮ್ಮೂ ಹೌದು, ಕೊನೆಯದೂ ಹೌದು.

ಪಟ್ಟಿಯನ್ನು ಅಚ್ಚಿಗೆ ಕಳಿಸಿದವಳು ಹಾಡುಗಾರ್ತಿ ಮೋರ್ವೆನ್. ಸ್ಟ್ರೂವನ್ ಮೇಲೆ ತನ್ನ ಮನೆಗೆ ಹೋಗಿ ಅವಳಿಗೆ ಫೋನ್ ಮಾಡಿದ. ಫೋನು ಅವನದೇ ಸೋಫಾದ ಸಂದಿಯಲ್ಲಿ ರಿಂಗಾಯಿತು. ಹಿಂದಿನ ಸಂಜೆ ಅದನ್ನಲ್ಲಿ ಬೀಳಿಸಿಕೊಂಡು ಅವಳು ಸ್ಪೀಕರ್ ತರಲು ಆಚೆ ದಡದ ಡನೂನ್‌ಗೆ ಹೋಗಿದ್ದಳು. ಗಾಳಿಗೆ ಫೆರಿ ದೋಣಿ ನಿಂತಿದೆಯೆಂದು ರೇಡಿಯೋ ಹೇಳುತ್ತಿತ್ತು.

“ಹೋಗಿ ಲಾಫರ್ಟಿ ಕಾಲಿಗೆ ಬೀಳು,” ಎಂದರು ಮಿಸೆಸ್ ಟೊರೆನ್ಸ್, ಅವನು ಮತ್ತೆ ಇಳಿದು ಬಂದಾಗ. “ಬೆಳಿಗ್ಗೆ ಅವರಿಗೂ ಒಂದು ರೆಕಾರ್ಡು ತೋರಿಸಿದೆ. ಹಿಂದೆ ಮುಂದೆ ನೋಡಿದ್ರು, ‘ಸರಿ’ ಅಂದ್ರು, ಬಾಗಿಲು ಹಾಕ್ಕೊಂಡ್ರು. ಪರದೆನೂ ಎಳೆದಿದಾರೆ.”

ಸ್ಟ್ರೂವನ್ ನೆಲಮಹಡಿಯ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ. ಕಾಗದ ಹಾಕುವ ಕಿಂಡಿ ಮಾತ್ರ ತೆರೆಯಿತು.

“ಯಾರು?”

“ನಾನು ಮಿಸೆಸ್ ಲಾಫರ್ಟಿ, ಸ್ಟ್ರೂವನ್.”

“ಹೋಗು ಮಗಾ. ಇವತ್ತೊಂದಿನ ನನಗೂ ನಿನಗೂ ಪರಿಚಯ ಇಲ್ಲ ಅಂದ್ಕೋ. ಸಂಜೆ ಹಾಲ್‌ನಲ್ಲಿ ಕಂಡ್ರೂ ಮಾತಾಡಿಸ್ಬೇಡ.”

“ನನ್ನಿಂದ ತಪ್ಪಾಗಿದೆ, ಆದ್ರೆ...”

“ಏನೂ ಕೇಳ್ಬೇಡ. ತಿಂಡಿ ತಿಂದ್ಯಾ?”

ಅವನು ಇಲ್ಲವೆಂದ. ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಕಾಗದದಲ್ಲಿ ಸುತ್ತಿದ ಎರಡು ಪ್ಯಾನ್‌ಕೇಕ್ ಹೊರಬಂದವು. ಕಿಂಡಿ ಟಪ್ಪೆಂದು ಮುಚ್ಚಿತು.

ಸ್ಟ್ರೂವನ್ ಇಂಗು ತಿಂದ ಮಂಗನಂತೆ ನಿಂತ. ಸಿಟ್ಟಾಗಿದ್ದರೆ ಪ್ಯಾನ್‌ಕೇಕ್ ಏಕೆ? ಸಿಟ್ಟಿಲ್ಲದಿದ್ದರೆ ಬಾಗಿಲೇಕೆ ತೆರೆಯಲಿಲ್ಲ? ಪ್ಯಾನ್‌ಕೇಕನ್ನು ಹಾಗೇ ಹಿಡಿದು ಮೇಲೆ ಬಂದಾಗ, ಸುದ್ದಿ ತಿಳಿದು ಎರಡನೇ ಮಹಡಿಯ ಮಿಸ್ಟರ್ ಕೈರ್ನಿಯೂ ಟೊರೆನ್ಸ್ ಅವರ ಅಡುಗೆಮನೆಗೆ ಇಳಿದು ಬಂದಿದ್ದರು. ಹಡಗು ಕಟ್ಟೆಯಲ್ಲಿ ನಲವತ್ತು ವರ್ಷ ಹಡಗುಗಳ ಮೈಮೇಲೆ ಹೆಸರು ಬರೆದು ನಿವೃತ್ತರಾದವರು. ಅವರು ಪ್ಯಾನ್‌ಕೇಕನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಇದು ಸಿಟ್ಟಿನಲ್ಲಿ ಹುಯ್ದಿದ್ದು. ಅಂಚು ನೋಡು, ಹೆಂಗೆ ಸೀದಿದೆ.”

“ಪರಿಚಯ ಇಲ್ಲ ಅಂದ್ಕೋ ಅಂದ್ರು.”

“ಆಯ್ತು ಬಿಡು,” ಎಂದರು ಕೈರ್ನಿ. “ಮೂವತ್ತು ವರ್ಷದ ಹಿಂದೆ ನನ್ನ ತಂಗಿ ನನಗೂ ಇದೇ ಮಾತಂದಿದ್ಲು. ಅವಳ ಬಟಾಣಿ ಗಿಡ ತುಳಿದಿದ್ದಕ್ಕೆ. ಇವತ್ತಿಗೂ ಕ್ರಿಸ್‌ಮಸ್ಸಿಗೆ ಕಾರ್ಡ್ ಕಳಿಸ್ತಾಳೆ, ಸಹಿ ಹಾಕಲ್ಲ.”

ಸ್ಟ್ರೂವನ್ ಪೆನ್ನು ತೆಗೆದು ಒಂದು ಕವರಿನ ಹಿಂದೆ ‘ಲಾಫರ್ಟಿ’ ಎಂದು ಬರೆಯಹೋದ. ನುಣುಪಾದ ಕವರಿನ ಮೇಲೆ ಶಾಯಿ ಹಿಡಿಯಲಿಲ್ಲ, ಬೆರಳು ತಾಗಿದ್ದೇ ಅಳಿಸಿಹೋಯಿತು.

“ಅದು ಇಲಿ ಬಾಲದ ಹಾಗಿದೆ. ಆಚೆ ಇಡು,” ಎಂದು ಕೈರ್ನಿ ತೋಳು ಮಡಿಸಿದರು. “ನನ್ನ ಹತ್ರ ಹಡಗಿನ ಬಿಳಿ ಬಣ್ಣ ಅರ್ಧ ಡಬ್ಬಿ ಇದೆ. ಉಪ್ಪು ನೀರಿನಲ್ಲಿ ಹತ್ತು ವರ್ಷ ತೇಲಿದ್ರೂ ಹೋಗಲ್ಲ. ರಟ್ಟಿನಲ್ಲಿ ಅಕ್ಷರ ಕೊರೆದು ಕೊಡ್ತೀನಿ. ನೀನು ಇಟ್ಟು ಒತ್ತು, ಇಟ್ಟು ಒತ್ತು. ಮುನ್ನೂರೇನು, ಮೂರು ಸಾವಿರ ಮಾಡಬಹುದು.”

ಏನು ಬರೆಯಬೇಕೆಂಬುದಕ್ಕೆ ಒಂದು ಗಂಟೆ ಹಿಡಿಯಿತು.

“ಬರೀ ಹೆಸರು ಹಾಕಿದ್ರೆ ಹೆಂಗೆ?” ಎಂದರು ಮಿಸೆಸ್ ಟೊರೆನ್ಸ್. “ನನಗೆ ಕೆಟಲ್ ಇದೆ, ಇವರಿಗೆ ಏಣಿ ಇದೆ. ಅವರಿಗೂ ಒಂದು ಕಾರಣ ಬೇಡವಾ? ಡ್ರಮ್ ಇಟ್ಕೊಂಡಿದ್ದು ಹೇಳು. ಸದ್ದು ತಾಳ್ಕೊಂಡಿದ್ದೂ ಹೇಳು.”

“ಎಷ್ಟು ವರ್ಷ ಅಂತಾನೂ ಹೇಳು,” ಎಂದರು ಕೈರ್ನಿ.

“ಮತ್ತೆ ವಿಳಾಸ. ಊರಲ್ಲಿ ಇನ್ನೊಬ್ಬಳು ಲಾಫರ್ಟಿ ಇದಾಳೆ, ಬೇಕರಿ ಹತ್ರ. ಅವಳು ಎಲ್ಲ ಹೊಗಳಿಕೆನೂ ತನಗೇ ಅಂದ್ಕೊಳ್ಳೋ ಜಾತಿ.”

ಕೊನೆಗೆ ಕೊರೆದದ್ದು ಹೀಗಿತ್ತು: ‘ಎರಡು ವರ್ಷ ನಮ್ಮ ಡ್ರಮ್ಮನ್ನು ತಮ್ಮ ಹಿಂದಿನ ಕೋಣೆಯಲ್ಲಿಟ್ಟುಕೊಂಡು, ವಾರಕ್ಕೆ ಮೂರು ಸಂಜೆ ಅದರ ಸದ್ದನ್ನು ತಾಳಿಕೊಂಡ ಮಿಸೆಸ್ ಆಗ್ನೆಸ್ ಲಾಫರ್ಟಿ, ಹದಿನಾಲ್ಕನೇ ನಂಬರು, ನೆಲಮಹಡಿ, ಇವರಿಗೆ ನಮ್ಮ ಅನಂತ ವಂದನೆ.’

ಕೈರ್ನಿಯವರ ಕೈ ಆಳೆತ್ತರದ ಅಕ್ಷರಕ್ಕೆ ಪಳಗಿದ ಕೈ. ಎಷ್ಟು ಚಿಕ್ಕದು ಮಾಡಿದರೂ ಹೆಬ್ಬೆರಳಿನಷ್ಟು ಅಗಲ ಬಂತು. ಮೊದಲ ಕವರಿನ ಮೇಲೆ ಒತ್ತಿ ತೆಗೆದಾಗ ಬಸ್ಸಿನ ಡ್ರೈವರ್, ಏಣಿ, ಬೆಕ್ಕು, ಕೆಟಲ್ ಎಲ್ಲವೂ ಬಿಳಿ ಬಣ್ಣದಡಿ ಮುಳುಗಿದ್ದವು. ಮಿಸೆಸ್ ಟೊರೆನ್ಸ್ ತಮ್ಮ ಹೆಸರಿದ್ದ ಜಾಗವನ್ನು ಒಂದು ಗಳಿಗೆ ನೋಡಿದರು.

“ಇರಲಿ,” ಎಂದರು. “ಕೆಟಲ್ ಏನು ಮಹಾ. ಅದೂ ಸೋರ್ತಿತ್ತು.”

ಆಮೇಲೆ ತೇವದ ಕಾಟ. ಗ್ರೀನಕ್‌ನಲ್ಲಿ ಬಣ್ಣ ಒಣಗುವುದು ಋಣ ತೀರಿದಷ್ಟೇ ನಿಧಾನ. ಕವರುಗಳನ್ನು ಮೇಜಿನ ಮೇಲೆ, ಹಾಸಿಗೆಯ ಮೇಲೆ, ಕೊನೆಗೆ ಮೆಟ್ಟಿಲ ಮೇಲೆ ಒಂದೊಂದಾಗಿ ತುದಿಯವರೆಗೂ ಹರಡಿದರು. ಟಪಾಲಿನವನು ಕಾಲಿಡಲು ಜಾಗ ಕಾಣದೆ ಕಾಗದಗಳನ್ನು ಬಾಗಿಲಿನಿಂದಲೇ ಎಸೆದು ಹೋದ. ಮಿಸೆಸ್ ಟೊರೆನ್ಸ್ ಕೂದಲೊಣಗಿಸುವ ಯಂತ್ರ ತಂದರು, ಕೈರ್ನಿ ಎರಡು ಹೀಟರ್ ತಂದರು, ಮೂರನ್ನೂ ಒಟ್ಟಿಗೆ ಹಾಕಿದಾಗ ಟೊರೆನ್ಸ್ ಅವರ ಮನೆಯ ಫ್ಯೂಸು ಹಾರಿತು. ಮಬ್ಬುಗತ್ತಲಲ್ಲಿ ಸ್ಟ್ರೂವನ್ ಒಂದು ಕವರಿನ ಮೇಲೆ ಕೂತುಬಿಟ್ಟ. ಎದ್ದಾಗ ಅವನ ಹಿಂಬದಿಯಲ್ಲೂ ಮಿಸೆಸ್ ಲಾಫರ್ಟಿಗೆ ವಂದನೆ ಇತ್ತು, ತಿರುಗುಮುರುಗಾಗಿ.

ಆದರೂ ಐದೂವರೆಗೆ ಮುನ್ನೂರೂ ಹಾಲ್ ಸೇರಿದವು. ಸ್ಟ್ರೂವನ್‌ನ ಬೆನ್ನು ಮುರಿದು ಮನಸ್ಸು ಹಗುರಾಗಿತ್ತು. ಅವರು ಬರುತ್ತಾರೆ, ಓದುತ್ತಾರೆ, ಮುನಿಸು ಕರಗುತ್ತದೆ.

ಮಿಸೆಸ್ ಲಾಫರ್ಟಿ ಬಂದರು. ಒಳ್ಳೆಯ ನೀಲಿ ಕೋಟು ಹಾಕಿದ್ದರು. ಸ್ಟ್ರೂವನ್ ಕೈ ಬೀಸಿದ. ಅವರು ಅವನನ್ನು ಬಸ್‌ಸ್ಟಾಪಿನ ಕಂಬ ನೋಡುವ ಹಾಗೆ ನೋಡಿ, ಹಿಂದಿನ ಸಾಲಿನ ಮೂಲೆಯಲ್ಲಿ ಕೂತರು. ಅವನು ಬೀಸಿದ ಕೈಯಿಂದಲೇ ತಲೆ ಕೆರೆದುಕೊಂಡ.

ಅಷ್ಟರಲ್ಲಿ, ಗಾಳಿ ಇಳಿದ ಮೇಲೆ ಹೊರಟ ಮೊದಲ ಫೆರಿಯಲ್ಲಿ ಬಂದ ಮೋರ್ವೆನ್ ಸ್ಪೀಕರ್ ಹೊತ್ತು, ಮಳೆಯಲ್ಲಿ ನೆಂದು ಓಡಿಬಂದಳು. ಮೇಜಿನ ಮೇಲಿದ್ದ ಒಂದು ರೆಕಾರ್ಡು ಎತ್ತಿಕೊಂಡು ತಿರುಗಿಸಿದಳು. ಸ್ಪೀಕರನ್ನು ಮೆಲ್ಲಗೆ ನೆಲಕ್ಕಿಟ್ಟಳು.

“ಯಾರು ಮಾಡಿದ್ದಿದು?”

“ನಾನೇ. ಅವರ ಹೆಸರು ಮರೆತಿದ್ದೆ, ಅದಕ್ಕೆ...”

“ನೀನು ಮರೆತಿರಲಿಲ್ಲ ಕಣೋ. ಜೀವನದಲ್ಲಿ ಇದೊಂದು ಸಲ ಮರೆತಿರಲಿಲ್ಲ. ಪಟ್ಟಿಯಲ್ಲಿ ಅವರದೇ ಮೊದಲಿತ್ತು. ಅವರೇ ನನ್ನ ಕೈ ಹಿಡ್ಕೊಂಡು ತೆಗಿ ಅಂದ್ರು.”

“ಯಾಕೆ?”

ಮೋರ್ವೆನ್ ಅವನನ್ನು ಪರದೆಯ ಹಿಂದಕ್ಕೆ ಎಳೆದು ಒಂದೇ ಉಸಿರಿಗೆ ಹೇಳಿದಳು. ಹಿಂದಿನ ಬೀದಿಯವರು ಸದ್ದಿನ ಬಗ್ಗೆ, ಈ ಮನೆಗಳನ್ನು ಬಾಡಿಗೆಗೆ ಕೊಟ್ಟ ಹೌಸಿಂಗ್ ಆಫೀಸಿಗೆ ನಾಲ್ಕು ಸಲ ದೂರು ಕೊಟ್ಟಿದ್ದರು. ಬಾಡಿಗೆ ಮನೆಗಳಲ್ಲಿ ಡ್ರಮ್ ಇಡುವಂತಿಲ್ಲ. ಪ್ರತಿ ಸಲ ಆಫೀಸಿನ ಮಿಸ್ಟರ್ ಪೆಟಿಗ್ರೂ ಬಂದಾಗಲೂ ಮಿಸೆಸ್ ಲಾಫರ್ಟಿ ಅವರನ್ನು ಹಿಂದಿನ ಕೋಣೆಯತ್ತ ಬಿಡದೆ, ಅಡುಗೆಮನೆಯಲ್ಲೇ ಚಹಾ ಕುಡಿಸಿ, ಅದು ತಮ್ಮ ಬಟ್ಟೆ ಒಗೆಯುವ ಮೆಷಿನ್ನಿನ ಸದ್ದು ಎಂದು ಹೇಳಿ ಕಳಿಸುತ್ತಿದ್ದರು. ಆಫೀಸಿನವರು ಪಾಪ, ಎರಡು ಸಲ ರಿಪೇರಿಯವನನ್ನು ಕಳಿಸಿದರು. ಆದರೂ ಸದ್ದು ನಿಲ್ಲದ್ದರಿಂದ ಮಾರ್ಚ್‌ನಲ್ಲಿ ಹೊಸ ಮೆಷಿನ್ನನ್ನೇ ತಂದು ಕೂರಿಸಿದರು.

“ಆ ಪೆಟಿಗ್ರೂಗೆ ಗಿಟಾರ್ ಅಂದ್ರೆ ಹುಚ್ಚು. ಪೋಸ್ಟರ್ ನೋಡಿ, ಇವತ್ತು ಬಂದೇ ಬರ್ತೀನಿ ಅಂದಿದಾರಂತೆ.”

“ನನಗೆ ಯಾಕೆ ಒಂದು ಮಾತು ಹೇಳಲಿಲ್ಲ?”

“ನಿನಗೆ ಹೇಳೋದೂ ಒಂದೇ, ರೇಡಿಯೋದಲ್ಲಿ ಓದಿಸೋದೂ ಒಂದೇ, ಅಂದ್ರು ಲಾಫರ್ಟಿ.”

ಸ್ಟ್ರೂವನ್ ಪರದೆ ಸರಿಸಿ ನೋಡಿದ. ಮೇಜಿನ ಮುಂದೆ ಸಾಲಿನಲ್ಲಿ ಎಲ್ಲರಿಗಿಂತ ಮೊದಲು, ಕಂದು ಟೈ ಕಟ್ಟಿದ ಸಪೂರ ಮನುಷ್ಯರೊಬ್ಬರು ರೆಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಹಿಂಬದಿಯನ್ನು.

ಅವನು ಮೂರು ಹೆಜ್ಜೆಗೆ ಅಲ್ಲಿದ್ದ. ಕಸಿದುಕೊಳ್ಳಬೇಕೆಂದು ಕೈ ಚಾಚಿ, ಧೈರ್ಯ ಸಾಲದೆ ಮೇಜಿನ ಬಟ್ಟೆ ಸರಿಪಡಿಸಿದ. ಮಿಸ್ಟರ್ ಪೆಟಿಗ್ರೂ ಬಹಳ ಹೊತ್ತು ಆ ಬಿಳಿ ಅಕ್ಷರಗಳನ್ನು ನೋಡಿದರು. ಆಮೇಲೆ ವೇದಿಕೆಯ ಮೇಲಿದ್ದ ಡ್ರಮ್ಮನ್ನು ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ, ಛಾವಣಿಯ ದೀಪ ಎಣಿಸುತ್ತಿದ್ದ ಮಿಸೆಸ್ ಲಾಫರ್ಟಿಯವರನ್ನು ನೋಡಿದರು. ಪೆಟಿಗ್ರೂ ಅವರ ಮುಖ ಮೆದುವಾಯಿತು.

“ಛೇ,” ಎಂದರು ಮೆಲ್ಲಗೆ. “ಕನ್ನಡಕ ಮನೆಯಲ್ಲೇ ಬಿಟ್ಟು ಬಂದೆ ನೋಡಪ್ಪ. ಒಂದಕ್ಷರವೂ ಕಾಣ್ತಿಲ್ಲ.”

ಹೆಬ್ಬೆರಳಗಲದ ಅಕ್ಷರಗಳು. ಸ್ಟ್ರೂವನ್‌ಗೆ ಹೋದ ಉಸಿರು ಬಂತು. ಈ ಮನುಷ್ಯನಿಗೆ ತಾಯಿ ಎಂಥ ಹಾಲು ಕುಡಿಸಿರಬೇಕು ಎಂದುಕೊಂಡ.

“ಅದಕ್ಯಾಕೆ ಯೋಚನೆ ಸಾರ್?” ಎಂದು ಪಕ್ಕದಿಂದ ಮಿಸೆಸ್ ಟೊರೆನ್ಸ್ ರೆಕಾರ್ಡನ್ನು ಅವರ ಕೈಯಿಂದ ತೆಗೆದುಕೊಂಡರು. “ನಾನು ಓದ್ತೀನಿ.”

“ಬೇಡ ಬೇಡ, ನಿಮಗ್ಯಾಕೆ ತೊಂದರೆ...”

“ತೊಂದರೆ ಏನು ಬಂತು.”

ಭಾನುವಾರ ಚರ್ಚಿನಲ್ಲಿ ಪಾಠ ಓದುವವರು ಅವರು. ಕಂಠ ಹಾಲ್‌ನ ಕೊನೆಯ ಕುರ್ಚಿಯವರೆಗೂ ಹೋಯಿತು. ಡ್ರಮ್ಮು ಓದಿದರು, ಎರಡು ವರ್ಷ ಓದಿದರು, ವಾರಕ್ಕೆ ಮೂರು ಸಂಜೆ ಓದಿದರು, ಹದಿನಾಲ್ಕನೇ ನಂಬರು ನೆಲಮಹಡಿಯನ್ನು ಎರಡು ಸಲ ಓದಿದರು. ಜನರೆಲ್ಲ ಹಿಂತಿರುಗಿ ಮಿಸೆಸ್ ಲಾಫರ್ಟಿಯವರನ್ನು ನೋಡಿ ಚಪ್ಪಾಳೆ ತಟ್ಟಿದರು. ಕೈರ್ನಿ ಎದ್ದು ನಿಂತು ತಟ್ಟಿದರು.

ಮಿಸ್ಟರ್ ಪೆಟಿಗ್ರೂ ಕಣ್ಣು ಮುಚ್ಚಿಕೊಂಡಿದ್ದರು.

“ಕಣ್ಣು ಕಾಣಲ್ಲ ಅನ್ನಬಹುದು,” ಎಂದರು ಸ್ಟ್ರೂವನ್‌ಗೆ. “ಇಷ್ಟು ಜನದ ಎದುರು ಕಿವಿನೂ ಕೇಳಲ್ಲ ಅನ್ನೋದು ಹೆಂಗಪ್ಪ?”

ಮಿಸೆಸ್ ಲಾಫರ್ಟಿ ಎದ್ದು ಬಂದರು. “ಮೆಷಿನ್ನಿನಲ್ಲಿ ಒದ್ದೆ ಬಟ್ಟೆ ಇದೆ, ಮಿಸ್ಟರ್ ಪೆಟಿಗ್ರೂ. ತೊಗೊಂಡು ಹೋಗೋದಾದ್ರೆ ಮಂಗಳವಾರ ಬನ್ನಿ.”

“ಮೆಷಿನ್ ಅಲ್ಲೇ ಇರಲಿ ಮಿಸೆಸ್ ಲಾಫರ್ಟಿ. ಅದರದೇನು ತಪ್ಪು. ಡ್ರಮ್ ಮಾತ್ರ ಇನ್ನು ಆ ಕೋಣೆಗೆ ವಾಪಸ್ ಹೋಗೋ ಹಾಗಿಲ್ಲ.” ಅವರ ದನಿಯಲ್ಲಿ ನಿಜವಾಗಿಯೂ ನೋವಿತ್ತು. “ನಿಮ್ಮ ಚಹಾ ಚೆನ್ನಾಗಿರ್ತಿತ್ತು.”

ಆಮೇಲೆ ಅವರು ಎರಡು ರೆಕಾರ್ಡು ಆರಿಸಿ ಮೇಜಿನ ಮೇಲಿಟ್ಟರು. ಬ್ಯಾಂಡಿನ ಬದುಕಿನಲ್ಲೇ ಅದು ಮೊದಲ ವ್ಯಾಪಾರ.

“ಎರಡಾ ಸಾರ್?” ಎಂದ ಸ್ಟ್ರೂವನ್, ಏನು ಹೇಳಬೇಕೆಂದು ತೋಚದೆ.

“ಒಂದು ಮನೆಗೆ, ಕೇಳೋಕೆ. ಇನ್ನೊಂದು ಆಫೀಸಿಗೆ, ದೂರಿನ ಫೈಲಿಗೆ ಹಾಕಬೇಕಲ್ಲ.” ಅವರು ಕೋಟಿನ ಒಳಗಿನಿಂದ ಪೆನ್ನು ತೆಗೆದರು. ಅದರ ಜೊತೆಗೇ ಕನ್ನಡಕದ ಡಬ್ಬಿಯೂ ಹೊರಬಂತು. ಅದನ್ನು ಮೆಲ್ಲಗೆ ಒಳಗೆ ತಳ್ಳಿದರು. “ಎರಡಕ್ಕೂ ನಿನ್ನ ಸಹಿ ಬೇಕು.”

ಸ್ಟ್ರೂವನ್ ತನ್ನ ಜೀವಮಾನದ ಮೊದಲ ಆಟೋಗ್ರಾಫಿಗೆ ಪೆನ್ನು ಹಿಡಿದ.

“ಫೈಲಿನದಕ್ಕೆ ಪೂರ್ತಿ ಹೆಸರು,” ಎಂದರು ಮಿಸ್ಟರ್ ಪೆಟಿಗ್ರೂ. “ತಾರೀಕೂ ಹಾಕಿಬಿಡಪ್ಪ.”