ಬೀಗರ ಊಟಕ್ಕೆ ಪಿಯಾನೋ

ಊಟಕ್ಕೂ ಸಂಗೀತಕ್ಕೂ ಇರುವ ಸಂಬಂಧವನ್ನು ನಮ್ಮ ಬಿಳಿಕೆರೆಯಲ್ಲಿ ಮೊದಲು ಕಂಡುಹಿಡಿದವನು ನಾನು. ಕೊನೆಯವನೂ ನಾನೇ!

ಮೈಸೂರಿನ ದೊಡ್ಡ ಹೋಟೆಲಿನಲ್ಲಿ ಸಹೋದ್ಯೋಗಿಯೊಬ್ಬರ ಮಗನ ಆರತಕ್ಷತೆ. ಎಲ್ಲಿಂದಲೋ ಮೆಲ್ಲಗೆ ಪಿಯಾನೋ, ಅದರ ಹಿಂದೆ ಪಿಟೀಲುಗಳ ದಂಡು. ಜನ ಪಿಸುಗುಟ್ಟುತ್ತಾ ಉಣ್ಣುತ್ತಿದ್ದರು. ಒಬ್ಬರಾದರೂ "ಸಾರು! ಸಾರು!" ಎಂದು ಕೂಗಲಿಲ್ಲ. ನನ್ನ ಮಗಳು ರಮ್ಯಳ ಬೀಗರ ಊಟವೂ ಹೀಗೇ ನಡೆಯಬೇಕೆಂದು, ಹೈಸ್ಕೂಲಿನ ಗಣಿತದ ಮೇಷ್ಟ್ರಾದ ನಾನು ಅಲ್ಲೇ ಸಂಕಲ್ಪ ಮಾಡಿದೆ.

ಮೊಬೈಲಿನಲ್ಲಿ ಹುಡುಕಿ ಅಂಥದೇ ಒಂದು ರೆಕಾರ್ಡಿಂಗ್ ಆರಿಸಿದೆ. ಅದರ ಜಾತಕವನ್ನೇ ಕೊಟ್ಟಿದ್ದರು. ಟೆಂಪೋ: ನಿಮಿಷಕ್ಕೆ ಅರವತ್ತು. ಕೀ: ಡಿ ಮೈನರ್. ಮೂಡ್: ಗಂಭೀರ, ನೆನಪುಗಳಲ್ಲಿ ಮುಳುಗಿಸುವಂಥದ್ದು. ಅರವತ್ತೆಂದರೆ ಸೆಕೆಂಡಿಗೊಂದು ತಾಳ. ನಾಲ್ಕು ತಾಳಕ್ಕೊಂದು ತುತ್ತು ಮುದ್ದೆ. ಲೆಕ್ಕ ಸರಿಹೋಯಿತು. ಕೀ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ಅದು ಮುಖ್ಯವಲ್ಲ ಎಂದು ತೀರ್ಮಾನಿಸಿದೆ.

ಹೆಂಡತಿ ಸರೋಜ ಒಂದು ನಿಮಿಷ ಕೇಳಿಸಿಕೊಂಡಳು.

"ಯಾಕ್ರೀ, ಇದ ಕೇಳುದ್ರೆ ತೀರೋದ ನಮ್ಮಪ್ಪ ನೆಪ್ಪಾಯ್ತರೆ."

"ನೋಡ್ದಾ! ಮೂಡು ಕೆಲ್ಸ ಮಾಡ್ತಾ ಅದೆ!"

"ಬೀಗ್ರು ಮುನಿಸ್ಕಂಡು ಎದ್ದೋದ್ರೆ ರಮ್ಯ ಜೀವಮಾನ್ವೆಲ್ಲ ಮಾತು ಕೇಳ್ಬೇಕು ಕಣ್ರೀ. ಸುಮ್ನೆ ವಾಲಗ ಆಕ್ಸಿ."

ವಾಲಗವಂತೆ! ನಾನು ಹುಣಸೂರಿನಿಂದ ಆಳೆತ್ತರದ ಸ್ಪೀಕರ್ ಬಾಡಿಗೆಗೆ ತಂದು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದೆ.

ಭಾನುವಾರ ಮಧ್ಯಾಹ್ನ ಶಾಮಿಯಾನದ ಹಿಂದೆ ಮಟನ್ ಕುದಿಯುತ್ತಿತ್ತು. ತೊಂಬತ್ತು ದಾಟಿದ ನಮ್ಮವ್ವ ಊಟಕ್ಕೆ ಎಬ್ಬಿಸಿ ಎಂದು ಹೇಳಿ ಒಳಗೆ ಮಲಗಿದ್ದಳು. ಹಿಂದಿನ ವಾರ ಅವಳಿಗೆ ಜ್ವರ ಬಂದಿದ್ದ ಸುದ್ದಿ ಬೀಗರಿಗೂ ಮುಟ್ಟಿತ್ತು. ಹೊಸ ಅಗ್ರಹಾರದಿಂದ ಬೀಗರ ಬಸ್ಸು ಬಂದು ನಿಂತಿತು. ನಾನು ಪಿಯಾನೋ ಹಾಕಿದೆ.

ಬಸ್ಸಿನ ಗದ್ದಲ ಥಟ್ಟನೆ ನಿಂತಿತು. ಗಂಡಸರು ತಲೆಯ ಟವೆಲ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಹಾ, ಎಂಥ ಶಿಸ್ತು! ಬೀಗರಾದ ಪುಟ್ಟೇಗೌಡರು ಯಾರಿಗೋ ಸನ್ನೆ ಮಾಡಿದರು. ಐದು ನಿಮಿಷದಲ್ಲಿ ಬಸ್ ಸ್ಟ್ಯಾಂಡಿನಿಂದ ದೊಡ್ಡ ಹಾರ ಬಂತು. ನಾನು ವಿನಯದಿಂದ ಕೊರಳು ಬಗ್ಗಿಸಿದೆ.

ಹಾರ ನನ್ನನ್ನು ದಾಟಿ ಮುಂದೆ ಹೋಯಿತು.

"ಅವ್ವಾರು ಎಲ್ಲವ್ರೆ, ಮೇಷ್ಟ್ರೇ?" ಪುಟ್ಟೇಗೌಡರು ಮೆಲ್ಲಗೆ ಕೇಳಿದರು.

"ಒಳ್ಗೆ ಮಲ್ಗವ್ರೆ. ಎಲ್ಲಾ ನೆಮ್ದಿಯಾಗಿ ನಡೀಲಿ ಅಂತ್ಲೇ ಈ ಸಂಗೀತ ಆಕಿವ್ನಿ."

ಅಷ್ಟೇ! ಬೀಗಿತ್ತಿ "ಅಯ್ಯೋ ನಮ್ಮವ್ವಾ!" ಎಂದು ರಾಗ ತೆಗೆದರು. ಹಿಂದಿದ್ದ ಹೆಂಗಸರೆಲ್ಲ ದನಿಗೂಡಿಸಿದರು. "ಸೂತಕದ್ ಮನೇಲಿ ಉಣ್ಣಕಾಯ್ತದಾ? ಬಸ್ ಅತ್ಕಳ್ರಪ್ಪ" ಎಂದರು ಯಾರೋ ಹಿರಿಯರು. ಡ್ರೈವರ್ ಬಸ್ಸನ್ನು ತಿರುಗಿಸತೊಡಗಿದ. ನನಗೆ ಆಗ ಅರ್ಥವಾಯಿತು! ಬೀಗರು ಉಣ್ಣದೆ ಹೊರಟರೆ ಮಗಳ ಗತಿ? ಏನಾದರೂ ಗೆಲುವಾಗಲಿ ಎಂದು ಮೊಬೈಲಿನಲ್ಲಿ ವೇಗವನ್ನು ಎರಡರಷ್ಟು ಮಾಡಿದೆ. ಅಳುಮೋರೆಯ ಡಿ ಮೈನರ್ ಓಡಿದರೂ ಡಿ ಮೈನರೇ. ಅಳುವಿನ ವೇಗವೂ ಎರಡರಷ್ಟಾಯಿತು!

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವ್ವ ನಿದ್ದೆಗಣ್ಣಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು.

"ಯಾರ್ಲಾ ಸತ್ತೋದೋರು?"

ಬೀಗಿತ್ತಿಯ ಅಳು ಅರ್ಧಕ್ಕೇ ನಿಂತಿತು. ಎಲ್ಲರೂ ಅವ್ವನನ್ನೇ ನೋಡಿದರು.

"ನಾನಾ? ಬಾಡೂಟ ಉಣ್ಣದೆ ನಾನ್ಯಾಕ್ ಸಾಯ್ಲಿ! ಬನ್ರವ್ವಾ, ಮುದ್ದೆ ಆರೋಯ್ತದೆ."

ಪುಟ್ಟೇಗೌಡರು ಹಾರ ಹಿಡಿದುಕೊಂಡೇ ತೊದಲಿದರು. "ನಾವೇನ್ ಮಾಡದು ಅವ್ವಾರೆ? ದೊಡ್ಡೋರು ತೀರ್ಕಂಡ್ರೆ ರೇಡಿಯೋದಲ್ಲಿ ಇಂಥದ್ನೇ ತಾನೆ ಆಕದು!"

ಅವ್ವ ಹಾರ ನೋಡಿದಳು, ನನ್ನನ್ನು ನೋಡಿದಳು, ಸ್ಪೀಕರ್ ನೋಡಿದಳು. "ಸಾಯ್ಬೇಕಾದ್ದು ಅದು. ಅದಕ್ಕೇ ಆಕಪ್ಪ."

ಸರೋಜ ವೈರು ಕಿತ್ತಳು. ಬೀಗರು ವಿಧೇಯರಾಗಿ ಸ್ಪೀಕರಿಗೆ ಹಾರ ಹಾಕಿದರು. ಆಮೇಲೆ ನಕ್ಕರು ನೋಡಿ! ಬಸ್ಸಿಗೆ ಬಸ್ಸೇ ನಕ್ಕಿತು. ಪಂಕ್ತಿಯ ಉದ್ದಕ್ಕೂ "ಸಾರು! ಸಾರು!" ಎಂಬ ಕೂಗೆದ್ದಿತು. ಅಷ್ಟು ಇಂಪಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆ ದಿನದ ಫೋಟೋ ಈಗ ಗೋಡೆಯ ಮೇಲಿದೆ. ಹಾರ ಹಾಕಿಸಿಕೊಂಡ ಸ್ಪೀಕರ್, ಪಕ್ಕದಲ್ಲಿ ಬರಿಗೊರಳಿನ ನಾನು. ಮನೆಗೆ ಬಂದವರು ಫೋಟೋದಲ್ಲಿ ನನ್ನ ಮುಖ ನೋಡಿ, ಸ್ಪೀಕರ್ ತೋರಿಸಿ, "ಪಾಪ, ತುಂಬಾ ಅತ್ರದೋರಾ?" ಎಂದು ಕೇಳುತ್ತಾರೆ.