ತಂಗಿಯ ರೇಡಿಯೊ ಬೋರ್ಡಿಗೆ ನಾನು ಹೊಡೆದ ಪಾಲಿಶ್

ನಾನು ಪಾಲಿಶ್ ಮಾಡದ ನೆಲ ಶಹಾಬಾದಿನಲ್ಲಿ ಬಹಳ ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೆ ಕಾರಣ ತಿಳಿಯಲಿ ಎಂದು ಹೇಳುತ್ತಿದ್ದೇನೆ. ಏಳನೆಯ ತರಗತಿಗೇ ಶಾಲೆ ಬಿಟ್ಟು, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕೆಲಸಕ್ಕೆ ಬಿದ್ದವನು ನಾನು. ಒರಟಾದದ್ದು ಏನು ಕಂಡರೂ ಕೈ ಕಡಿಯುತ್ತದೆ. ಮದುವೆ ಊಟಕ್ಕೆ ಹೋದರೂ ಎಲೆಗಿಂತ ಮೊದಲು ನೆಲವನ್ನೇ ಸವರಿ ನೋಡುತ್ತೇನೆ. "ಕೈ ತೊಳ್ಕೊಂಡು ಸುಮ್ಕ ಉಣ್ರಿ" ಎಂದು ಹೆಂಡತಿ ಸುವರ್ಣಾ ಎಲ್ಲರೆದುರಿಗೇ ಗದರಿಸುತ್ತಾಳೆ.

ನನ್ನ ತಂಗಿ ಮಹಾದೇವಿ ಓದಿದವಳು. ನಮ್ಮ ಮನೆಯಲ್ಲಿಯೇ ಇದ್ದು, ದಿನಾ ಬಸ್ಸು ಹಿಡಿದು ಚಿತ್ತಾಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳಿಗೆ ಹ್ಯಾಮ್ ರೇಡಿಯೊ ಹುಚ್ಚು. ಅದು ಹಾಡು ಕೇಳುವ ರೇಡಿಯೊ ಅಲ್ಲ. ಮಾಳಿಗೆಯ ಮೇಲೆ ತಂತಿ ಕಟ್ಟಿ, ಮನೆಯಲ್ಲಿ ಕುಳಿತೇ ದೂರದೂರದ ಹವ್ಯಾಸಿಗಳ ಜೊತೆ ಮಾತಾಡುವಂಥದ್ದು. ಅದಕ್ಕೊಂದು ಪರೀಕ್ಷೆ ಇದೆ, ಸರ್ಕಾರದ ಲೈಸೆನ್ಸ್ ಇದೆ. ಎರಡನ್ನೂ ಅವಳು ದಕ್ಕಿಸಿಕೊಂಡಿದ್ದಳು. "ಮಾತಾಡ್ಲಿಕ್ಕ ಮೊಬೈಲ್ ಅದಲ್ಲವಾ?" ಎಂದು ಒಮ್ಮೆ ಕೇಳಿದ್ದೆ. ಗಿರಾಕಿಯೊಬ್ಬ ಪರಸಿ ಕಿತ್ತು ಟೈಲ್ಸ್ ಹಾಕಿಸುತ್ತೇನೆ ಎಂದಾಗ ನಾನು ಅವನನ್ನು ಹೇಗೆ ನೋಡುತ್ತೇನೋ, ಹಾಗೆ ನನ್ನನ್ನು ನೋಡಿದಳು.

ಪ್ರತಿ ರವಿವಾರ ಬೆಳಿಗ್ಗೆ ಈ ಹವ್ಯಾಸಿಗಳೆಲ್ಲ ರೇಡಿಯೊದಲ್ಲಿ ಸೇರುತ್ತಾರೆ. ತನ್ನದೊಂದು ಸೆಟ್ಟು ಬೇಕೆಂದು ತಂಗಿ ಫೋನಿನಲ್ಲಿ ಕೇಳಿದಾಗ ಅವರಲ್ಲೊಬ್ಬರು, "ನೀವು ತಯಾರಾದ ಸೆಟ್ಟೇ ತಗೊಳ್ರಿ ಮೇಡಂ, ಬೆಸುಗೆ ಕೆಲಸ ಹೆಣ್ಮಕ್ಕಳಿಗೆ ಯಾಕ್ರಿ" ಎಂದಿದ್ದರಂತೆ. ಇವಳು ಸುಮ್ಮನಿರುವವಳೇ? ಇನ್ನೆರಡು ವಾರಕ್ಕೆ ಬರುವ ರವಿವಾರ ಸ್ವಂತ ಕೈಯಿಂದ ಜೋಡಿಸಿದ ಸೆಟ್ಟಿನಿಂದಲೇ ನಿಮ್ಮ ಜೊತೆ ಮಾತಾಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟಳು. ಜೋಡಿಸುವ ಸಾಮಾನನ್ನು ಧಾರವಾಡದ ಗೋಪಾಲರಾಯರಿಂದ ತರಿಸಿದಳು. ರಾಯರು ನಿವೃತ್ತರು. ಮನೆಯಲ್ಲಿ ಕುಳಿತು ಇಂಥ ಸಾಮಾನನ್ನು ಒಂದೊಂದಾಗಿ ಕೈಯಿಂದಲೇ ಮಾಡಿ ಕಳಿಸುವವರು.

ಆ ರವಿವಾರಕ್ಕೆ ಆರು ದಿನ ಇರುವಾಗ, ಸೋಮವಾರ ಬೆಳಿಗ್ಗೆ, ತಂಗಿ ಬಸ್ಸಿಗೆ ಓಡುವ ಹೊತ್ತಿಗೇ ಪಾರ್ಸೆಲ್ ಬಂತು. ಬಿಚ್ಚಿ ನೋಡಲಿಕ್ಕೆ ಅವಳಿಗೆ ಪುರುಸೊತ್ತಿಲ್ಲ.

"ಅಣ್ಣಾ, ಇದ್ರಾಗ ಒಂದು ಬೋರ್ಡ್ ಇರ್ತದ. ಅದರ ತಾಮ್ರ ಮಬ್ಬಾಗಿದ್ರ ಬೆಸುಗಿ ಹಿಡಿಯಂಗಿಲ್ಲ. ಪೆನ್ಸಿಲ್ ರಬ್ಬರ್‌ಲೆ ಜರಾ ತಿಕ್ಕಿ ಇಡು. ಹೊಳಪು ಬಂದ್ರ ಸಾಕು."

"ಹೊಳಪಿನ ಮಾತು ನೀ ನನಗ ಹೇಳಬ್ಯಾಡ. ಹೋಗು, ಬಸ್ ತಪ್ತದ."

ಬೋರ್ಡು ಅಂಗೈಯಷ್ಟಿತ್ತು. ಒಂದು ಮುಖದ ಮೇಲೆ ತಾಮ್ರದ ಗೆರೆಗಳು ಇರುವೆ ಸಾಲಿನಂತೆ ಅತ್ತಿತ್ತ ಹರಿದಾಡಿದ್ದವು. ರಬ್ಬರಿನಿಂದ ತಿಕ್ಕಿದೆ. ಹೊಳಪು ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕಥೆ ಬರೆಯಬೇಕಾಗಿರಲಿಲ್ಲ.

ಅಭ್ಯಾಸಬಲದಿಂದ ಉಗುರು ಆಡಿಸಿ ನೋಡಿದೆ. ತಡೆಯಿತು. ಗೆರೆಗಳು ಉಬ್ಬಿದ್ದವು! ನಮ್ಮ ಧಂದೆಯಲ್ಲಿ ಎರಡು ಕಲ್ಲಿನ ನಡುವೆ ಉಗುರು ತಡೆದರೆ ಆ ಕೆಲಸ ಕೆಲಸವೇ ಅಲ್ಲ. ಪಾಪ, ರಾಯರಿಗೆ ವಯಸ್ಸಾಗಿದೆ, ಕೊನೆಯ ಕೈ ಪಾಲಿಶ್ ಬಿಟ್ಟುಹೋಗಿದೆ ಎಂದುಕೊಂಡೆ. ಪಾಲಿಶ್ ಕಲ್ಲು ತಂದೆ. ನೀರು ಚಿಮುಕಿಸಿ ಮೊದಲು ದೊರಗು ಕಲ್ಲು, ಆಮೇಲೆ ನಯದ್ದು, ಆಮೇಲೆ ಶ್ರೀಮಂತರ ಮನೆಗೆ ಮಾತ್ರ ಬಳಸುವ ಅತಿನಯದ್ದು. ಬೋರ್ಡು ಸುಲಿದ ಮೊಟ್ಟೆಯಂತಾಯಿತು. ಬಿಸಿಲಿಗೆ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು.

ಹೆಂಡತಿಗೆ ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಇದರ ಮ್ಯಾಲ ಏನೋ ಗೆರಿ ಇದ್ವಲ್ರೀ?"

"ಇದ್ವು. ಸಾಫ್ ಮಾಡೀನಿ."

"ಆ ಗೆರಿ ಬೇಕಾಗಿದ್ವೋ ಏನೋ?"

ಆಗ ಪಾರ್ಸೆಲ್ ಡಬ್ಬಿಯಲ್ಲಿದ್ದ, ಬೋರ್ಡಿನ ಚಿತ್ರದ ಹಾಳೆ ತೆಗೆದು ನೋಡಿದೆ. ಅದರ ತುಂಬ ಗೆರೆಗಳೇ.

"ಮಾದೇವಿ ಬರೂ ಹೊತ್ತಿಗಿ ನಾ ಸೇಡಂಗ ನಮ್ಮವ್ವನ ಮನಿಗಿ ಹೋಗಿರ್ತೀನಿ, ನೋಡ್ರಿ" ಎಂದಳು ಸುವರ್ಣಾ.

ಆದರೆ ಹೋಗಲಿಲ್ಲ. ಇಂಥ ತಮಾಷೆ ಬಿಟ್ಟು ಯಾರು ಹೋಗುತ್ತಾರೆ?

ಸಂಜೆ ತಂಗಿ ಡಬ್ಬಿ ತೆಗೆದಳು. ಬೋರ್ಡಿನ ಈ ಮುಖ ನೋಡಿದಳು, ಆ ಮುಖ ನೋಡಿದಳು. "ಅಣ್ಣಾ, ಇದು ಹೀಂಗೇ ಬಂದಿತ್ತಾ?"

ನಿಜ ಹೇಳಲೆಂದೇ ಬಾಯಿ ತೆಗೆದೆ. ದೇವರಾಣೆ. "ಇಲ್ಲ, ಇದಕ್ಕಿಂತ ಒರಟಿತ್ತು" ಎಂಬ ಮಾತು ಬಂತು. ಅದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ನಿಜವೂ ಇರಲಿಲ್ಲ.

ತಂಗಿ ಅಲ್ಲಿಯೇ ರಾಯರಿಗೆ ಫೋನು ಹಚ್ಚಿದಳು. ಅವರ ದನಿ ನನಗೂ ಕೇಳುತ್ತಿತ್ತು.

"ತಾಮ್ರಾನೇ ಇಲ್ರಿ ರಾಯರೇ. ಬರೇ ಖಾಲಿ ಹಲಗಿ ಕಳಿಸೀರಲ್ರಿ. ಹಿಂಗ ಮಾಡಿದ್ರ ಹ್ಯಾಂಗ್ರಿ?"

"ಖಾಲಿ ಹಲಗಿನಾ? ಅಯ್ಯ ತಂಗಿ, ಕಣ್ಣಿಂದ ನೋಡೇ ಇಟ್ಟಿದ್ದೆನಲ್ಲ... ಮಗಳು ಹೇಳ್ತಿದ್ಲು, ಅಪ್ಪಾ ಕಣ್ಣು ತೋರಿಸ್ಕೋ ಅಂತ. ನಾನೇ ಕೇಳಲಿಲ್ಲ. ತಪ್ಪಾತು. ಬ್ಯಾರೆದು ಮಾಡಿ ಕಳಿಸ್ತೀನಿ. ಆದ್ರ ರವಿವಾರದೊಳಗ ಆಗಂಗಿಲ್ಲ ನೋಡು."

ನಾನು ತಿನ್ನುತ್ತಿದ್ದ ರೊಟ್ಟಿಯನ್ನು ತಟ್ಟೆಗೆ ಇಳಿಸಿದೆ. ಸುವರ್ಣಾ ನೀರಿನ ತಂಬಿಗೆಯನ್ನು ನನ್ನ ಮುಂದಿಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಪ್ರಾಯಶ್ಚಿತ್ತವೆಂದರೆ ಒಂದೇ: ರವಿವಾರದೊಳಗೆ ನಾನೇ ಬೋರ್ಡು ಮಾಡಿಕೊಡುವುದು. ಮರುದಿನ ತಂಗಿ ಶಾಲೆಗೆ ಹೋದದ್ದೇ ಚಿತ್ರದ ಹಾಳೆ ಹಿಡಿದು ಕಲಬುರಗಿಗೆ ಹೋದೆ. ಅಂಗಡಿಯವನು ತಾಮ್ರ ಅಂಟಿಸಿದ ಹೊಸ ಬೋರ್ಡು, ಮಸಿ ಪೆನ್ನು, ಒಂದು ಕಂದು ಪುಡಿ ಕೊಟ್ಟ. ಬೇಕಾದ ಗೆರೆಗಳನ್ನು ಪೆನ್ನಿನಿಂದ ಬರೆದು, ಪುಡಿ ಕಲಸಿದ ನೀರಿನಲ್ಲಿ ಬೋರ್ಡನ್ನು ಇಡಬೇಕು. ಮಸಿ ಇದ್ದಲ್ಲಿ ಬಿಟ್ಟು ಉಳಿದ ತಾಮ್ರವನ್ನು ಆ ನೀರು ತಿಂದುಹಾಕುತ್ತದೆ.

"ಪ್ಲಾಸ್ಟಿಕ್ ತಾಟಿನ್ಯಾಗೇ ಮಾಡ್ರಿ ಕಾಕಾ" ಎಂದ ಅವನು.

ಕೇಳಿಸಿಕೊಂಡೆ. ಆದರೆ ಹೊಳೆಯುವ ಪಾತ್ರೆ ಪಕ್ಕದಲ್ಲಿರುವಾಗ ಪ್ಲಾಸ್ಟಿಕ್ಕಿಗೆ ಕೈ ಹಾಕುವುದು ನನ್ನ ಜಾಯಮಾನವಲ್ಲ. ಗೆರೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಬರೆದೆ. ಆಮೇಲೆ ಹೆಂಡತಿ ಹಿಟ್ಟು ನಾದುವ ಅಲ್ಯುಮಿನಿಯಂ ಪರಾತ ತಂದು ಪಡಸಾಲೆಯಲ್ಲಿಟ್ಟು, ಕಂದು ನೀರು ಸುರಿದು, ಬೋರ್ಡನ್ನು ಇಳಿಬಿಟ್ಟೆ.

ಒಲೆಯಿಲ್ಲದೆ ಕುದಿಯುವ ಸಾರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಬುರುಬುರು ನೊರೆ ಎದ್ದಿತು, ಹೊಗೆ ಬಂತು. ಆ ನೀರಿಗೆ ತಾಮ್ರಕ್ಕಿಂತ ನಮ್ಮ ಪರಾತವೇ ರುಚಿಯಾಗಿ ಕಂಡಿತ್ತು! ಇಕ್ಕಳದಿಂದ ಬೋರ್ಡನ್ನು ಎತ್ತಿಕೊಳ್ಳುವುದರೊಳಗೆ ಪರಾತದ ತಳ ತೂತುಬಿದ್ದು, ನೀರೆಲ್ಲ ನೆಲದ ಮೇಲೆ ಹರಿಯಿತು. ನಾನು ಸ್ವಂತ ಕೈಯಿಂದ ಕನ್ನಡಿಯಂತೆ ಮಾಡಿದ ನೆಲ. ಗಿರಾಕಿಗಳನ್ನು ಕರೆತಂದು ತೋರಿಸುವ ನೆಲ. ಅದು ಉಸ್ಸೆಂದು ನೊರೆಯೆದ್ದು ಅರಿಶಿನ ಮಿಶ್ರಿತ ಕಂದುಬಣ್ಣಕ್ಕೆ ತಿರುಗಿತು.

ಸುವರ್ಣಾ ಹಿತ್ತಲಿನಿಂದ ಬಂದಳು.

"ಏನ್ ಮಾಡಾಕತ್ತೀರಿ?"

"ಮಾದೇವಿಗಿ ಸಹಾಯ ಮಾಡಾಕತ್ತೀನಿ."

"ಹೌದಾ. ನನಗ ಮಾತ್ರ ಯಾವತ್ತೂ ಸಹಾಯ ಮಾಡಬ್ಯಾಡ್ರಿ, ಕೈ ಮುಗೀತೀನಿ" ಎಂದು ಪರಾತ ಎತ್ತಿದಳು. ತೂತಿನೊಳಗಿಂದ ಅವಳ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

ಉಳಿದ ಪುಡಿಯನ್ನು ಬಕೆಟಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಕಲಸಿ ಬೋರ್ಡನ್ನು ಅದರಲ್ಲಿಟ್ಟೆ. ಈ ಸಲ ಕೆಲಸ ಸರಿಯಾಯಿತು. ತಾಮ್ರವೆಲ್ಲ ಕರಗಿ ಗೆರೆಗಳಷ್ಟೇ ಉಳಿದವು. ತಂಗಿ ಬಂದಾಗ ಬೋರ್ಡನ್ನು ಅವಳ ಕೈಗಿಟ್ಟು, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಕಲೆಯಾದ ನೆಲವನ್ನೇ ನೋಡುತ್ತ ಕೇಳಿದಳು.

"ನನ್ನ ಬೋರ್ಡ್ ಹೋದ್ರ ಹೋಗ್ಲಿ. ಕಣ್ಣಿದ್ದ ಮುದುಕರಿಗಿ ಕುರುಡ ಅನ್ನಿಸಿದಿಯಲ್ಲೋ ಅಣ್ಣಾ. ನಾನೂ ಎಷ್ಟ್ ಅಂದೆ ಅವರಿಗಿ."

ಅವತ್ತೇ ರಾಯರಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ನಾನು ಮಾಡಿದ ಬೋರ್ಡನ್ನು ಚಿತ್ರದ ಪಕ್ಕಕ್ಕೆ ಹಿಡಿದು ನೋಡಿದವಳು ಗೋಡೆಗೆ ಒರಗಿ ಕುಳಿತುಬಿಟ್ಟಳು.

"ಎಲ್ಲಾ ಉಲ್ಟಾ ಬರ್ದೀದಿ. ಈ ಚಿತ್ರ ಮ್ಯಾಲಿಂದ ನೋಡಿದಂಗ ಅದ. ತಾಮ್ರ ಇರೂದು ಕೆಳಗಿನ ಮೈಗಿ. ಎಡದ್ದು ಬಲಕ್ಕ ಬರಬೇಕಿತ್ತು."

ನನಗೇನು ಗೊತ್ತು? ನೆಲಕ್ಕೆ ಇರುವುದು ಒಂದೇ ಮುಖ. ಅದು ಕೆಳಗಿನಿಂದ ಹೇಗೆ ಕಾಣುತ್ತದೆ ಎಂದು ಇದುವರೆಗೆ ಯಾವ ಗಿರಾಕಿಯೂ ಕೇಳಿಲ್ಲ.

ಮತ್ತೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಆ ಬೋರ್ಡನ್ನು ಬಿಡಲೂ ಇಲ್ಲ. ಮೇಲೆ ಕೂರಬೇಕಾದ ಬಿಡಿಭಾಗಗಳನ್ನು ಕೆಳಗಿನ ತಾಮ್ರದ ಮೈಗೇ ಕೂರಿಸಿದರೆ ಎಡಬಲ ಮತ್ತೆ ಸರಿಹೋಗುತ್ತದಂತೆ. ಶಾಲೆಯಿಂದ ಬಂದವಳೇ ಬೆಸುಗೆಗೆ ಕೂರುತ್ತಿದ್ದಳು. ನನಗೆ ಹೊಸ್ತಿಲಾಚೆ ಜಾಗ. ಕೈ ಹಿಂದೆ ಕಟ್ಟಿಕೊಂಡಿರಬೇಕೆಂದು ಸುವರ್ಣಾಳ ಆಜ್ಞೆ.

ರವಿವಾರ ಬಂತು. ತಂಗಿ ಗುಂಡಿ ತಿರುವಿ, ಮೈಕು ಹಿಡಿದು ತನ್ನ ಗುರುತು ಹೇಳಿದಳು. ಗರಗರ ಸದ್ದು. ಇನ್ನೊಮ್ಮೆ ಹೇಳಿದಳು. ಗರಗರ ಸದ್ದಿನೊಳಗಿಂದ ಒಂದು ಮುದಿದನಿ ತೇಲಿ ಬಂತು. ಗೋಪಾಲರಾಯರು!

"ತಂಗಿ, ನಿನ್ನ ದನಿ ಭಾಳ ಸ್ವಚ್ಛ ಬರ್ಲಿಕತ್ತದ. ಬೋರ್ಡ್ ಎಲ್ಲಿಂದ ಬಂತು? ನಾ ಇನ್ನೂ ಕಳಿಸೇ ಇಲ್ಲಲ್ಲ. ದವಾಖಾನಿ ತಿರುಗಾಟದಾಗ ಫೋನ್ ಕಡೆ ಲಕ್ಷ್ಯ ಇರಲಿಲ್ಲ. ಕಣ್ಣು ಛಲೋ ಅದಾವ ಅಂದ್ರು ಡಾಕ್ಟರು. ನಾ ಕೇಳ್ತೀನಾ? ಜಗಳಾಡಿ ಹೊಸ ಚಷ್ಮಾ ಬರೆಸ್ಕೊಂಡೆ. ಅದನ್ನ ಹಾಕ್ಕೊಂಡಾಗಿಂದ ಏನೂ ಕಾಣವಲ್ದು."

ನನಗೆ ತಡೆಯಲಾಗಲಿಲ್ಲ. ಮಾಫಿ ಕೇಳೋಣವೆಂದು ಹೊಸ್ತಿಲು ದಾಟಿ ಮೈಕಿಗೆ ಕೈ ಚಾಚಿದೆ. ತಂಗಿ ಮೈಕನ್ನು ಸರಕ್ಕನೆ ಎಳೆದುಕೊಂಡಳು.

"ಲೈಸೆನ್ಸ್ ಇಲ್ದವರು ಮಾತಾಡಂಗಿಲ್ಲ."

ಹೀಗಾಗಿ ನನ್ನ ತಪ್ಪೊಪ್ಪಿಗೆಯನ್ನು ಅವಳೇ ಓದಿದಳು. ರಬ್ಬರಿನಿಂದ ಹಿಡಿದು ಉಲ್ಟಾ ಗೆರೆಯವರೆಗೆ, ಊರೂರಿನ ಹವ್ಯಾಸಿಗಳೆಲ್ಲ ಕೇಳುತ್ತಿರುವಾಗ. ಪರಾತದ ಸುದ್ದಿ ಬೇಡವೆಂದು ನಾನು ಕೈಸನ್ನೆ ಮಾಡಿದೆ. ಅದನ್ನು ಮರೆತಿದ್ದಳು, ನೆನಪಾಯಿತು, ಹೇಳಿದಳು.

ಎಲ್ಲ ಕೇಳಿ ರಾಯರು ನಕ್ಕರು. ನಗು ನಿಲ್ಲಲಿಕ್ಕೆ ತಡವಾಯಿತು.

"ಹಂಗಾದ್ರ ನಾ ಕುರುಡ ಅಲ್ಲ! ತಡಿ, ಹಳೇ ಚಷ್ಮಾ ಎಲ್ಲದ ನೋಡ್ತೀನಿ. ಮತ್ತ ತಂಗಿ, ನಿಮ್ಮಣ್ಣಗ ಹೇಳು. ನಮ್ಮ ಮನಿ ನೆಲಾನೂ ಪಾಲಿಶ್ ಮಾಡಿಸೂದದ. ಆ ಕೆಲಸ ಅವರಿಗಿ ಮಾತ್ರ ಕೊಡೂದಿಲ್ಲ."

ತಯಾರಾದ ಸೆಟ್ಟು ತೆಗೆದುಕೊಳ್ಳಿ ಎಂದಿದ್ದವರೂ ಅವತ್ತು ರೇಡಿಯೊದಲ್ಲಿದ್ದರು. ಉಲ್ಟಾ ಬೋರ್ಡಿನಿಂದ ಸೆಟ್ಟು ಮಾತಾಡಿಸುವುದು ತಮ್ಮ ಕೈಲಿ ಆಗುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ತಂಗಿ ಮೈಕು ಇಟ್ಟು, ಹೊಸ್ತಿಲ ಕಡೆ ತಿರುಗಿ ನಕ್ಕಳು. "ಒಳಗ ಬಾ ಅಣ್ಣಾ. ಕೈ ಹಿಂದೇ ಇರ್ಲಿ."

ನೆಲದ ಕಲೆ ಈಗಲೂ ಇದೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಗಿರಾಕಿಗಳು ಬಂದಾಗ ಅದರ ಮೇಲೆ ಚಾಪೆ ಹಾಸಿ ನಾನೇ ಕುಳಿತುಬಿಡುತ್ತೇನೆ. ರಾಯರಿಗೆ ನನ್ನ ಬಾಯಿಯಿಂದಲೇ ಮಾಫಿ ಕೇಳಬೇಕೆಂಬ ಆಸೆ ಮಾತ್ರ ಹೋಗಿಲ್ಲ. "ಹಂಗಿದ್ರ ಪರೀಕ್ಷಾ ಬರಿ, ಲೈಸೆನ್ಸ್ ತಗೋ" ಎಂದು ತಂಗಿ ತನ್ನ ಪುಸ್ತಕ ಕೊಟ್ಟಿದ್ದಾಳೆ. ನಿನ್ನೆ ತೆರೆದು ಕುಳಿತೆ. ಮೊದಲನೆಯ ಪುಟ ಮುಗಿಯಲಿಲ್ಲ. ಕಾಗದ ಸ್ವಲ್ಪ ಒರಟಾಗಿದೆ ಅನ್ನಿಸಿತು.